ಸಾವಿರಕ್ಕೊಂದು ತಪ್ಪುವ ತಾಳ

ರಾಜ್‌ಕುಮಾರರ ಚಿತ್ರಗಳನ್ನು ನೋಡುತ್ತ ಬೆಳೆದ ಕನ್ನಡಿಗರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿದ್ದರೂ ಚಿತ್ರ ನೋಡುವಾಗ ಅದು ನೆನಪಿಗೆ ಬಾರದು: 1974ರ ‘ಸಂಪತ್ತಿಗೆ ಸವಾಲ್’ ಬರುವವರೆಗೆ ಆ ನಟರ ತುಟಿಗಳಿಂದ ಹೊರಟಂತೆ ನಾವು ಕೇಳಿದ ಹಾಡುಗಳಲ್ಲಿ ಬಹುಪಾಲು ಪಿ. ಬಿ. ಶ್ರೀನಿವಾಸರ ಕಂಠದವು. ಮುಖ ಒಬ್ಬರದು, ಧ್ವನಿ ಮತ್ತೊಬ್ಬರದು. ಹಾಡನ್ನು ಮುದ್ರಿಸಿದ ದಿನ ಬೇರೆ, ಚಿತ್ರವನ್ನು ತೆಗೆದ ದಿನ ಬೇರೆ. ಆದರೂ ಕಥಾನಾಯಕನು ಮರಕ್ಕೊರಗಿ ನಿಂತು ಬಾಯಿ ತೆರೆದೊಡನೆ ಆ ಧ್ವನಿ ಅವನದೇ ಎಂಬ ಪ್ರತೀತಿ ಪ್ರೇಕ್ಷಕನಲ್ಲಿ ಅನಾಯಾಸವಾಗಿ ನೆಲೆಗೊಳ್ಳುತ್ತಿತ್ತು.

ಇದಕ್ಕೆ ತೀರ ವಿಪರೀತವಾದ ಅನುಭವವೂ ಈಗ ಮನೆಮನೆಗೆ ಬಂದಿದೆ. ದೂರದೇಶದಲ್ಲಿರುವ ಬಂಧುಗಳ ಮಕ್ಕಳು ತಾವೇ ಹಾಡಿ, ತಾವೇ ವಾದ್ಯ ನುಡಿಸಿ, ತಮ್ಮ ಫೋನುಗಳಲ್ಲಿ ತಾವೇ ಚಿತ್ರೀಕರಿಸಿ ವಾಟ್ಸ್ಯಾಪಿನಲ್ಲಿ ಕಳುಹಿಸಿದ ಹಾಡೊಂದನ್ನು ಅಕ್ಕರೆಯಿಂದ ನೋಡತೊಡಗುತ್ತೇವೆ. ಪಲ್ಲವಿಯಲ್ಲಿ ತುಟಿಯೂ ಮಾತೂ ಕೂಡಿಯೇ ಇರುತ್ತವೆ. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಹುಡುಗಿ ಬಾಯಿ ಮುಚ್ಚಿದ ಮೇಲೂ ಅವಳ ಧ್ವನಿ ಇನ್ನೂ ಉಳಿದಿರುತ್ತದೆ, ಡ್ರಮ್ಮಿನ ಮೇಲೆ ಕೋಲು ಬಿದ್ದು ಮೇಲೆದ್ದ ಬಳಿಕ ಪೆಟ್ಟು ಕೇಳಿಸುತ್ತದೆ. ‘ಸಿಂಕ್ ಹೋಗಿದೆ’ ಎಂದು ಮನೆಯ ಕಿರಿಯರು ತೀರ್ಪು ಕೊಡುತ್ತಾರೆ. ಪರಕಂಠವು ಒಬ್ಬರ ತುಟಿಯ ಮೇಲೆ ಅಷ್ಟು ಸೊಗಸಾಗಿ ಕೂತಿದ್ದಾಗ ಸ್ವಕಂಠವು ತನ್ನದೇ ತುಟಿಯ ಮೇಲೆ ಕೂರದೆ ಜಾರುವುದೇಕೆ? ಜಾರುವುದೇ ಆದರೆ ಮೊದಲಿನಿಂದ ಜಾರಬಾರದೆ? ಆರಂಭದಲ್ಲಿ ಕೂಡಿದ್ದುದು ಹೋಗುತ್ತ ಹೋಗುತ್ತ ಅಗಲುವುದೇಕೆ?

ಹಾಡು ಮೊದಲು, ಚಿತ್ರ ಆಮೇಲೆ

ಅಮೆರಿಕದ ಟೆಕ್ಸಾಸಿನ ಹ್ಯೂಸ್ಟನ್ ನಗರದ ನೈಋತ್ಯ ಭಾಗದಲ್ಲಿ ಹಿಲ್‌ಕ್ರಾಫ್ಟ್ ಎಂಬ ವಿಶಾಲವಾದ ಬೀದಿಯೊಂದಿದೆ. ಸೀರೆಯಂಗಡಿ, ಒಡವೆಯಂಗಡಿ, ದಿನಸಿಯಂಗಡಿ, ಉಪಾಹಾರಗೃಹ ಇವುಗಳಿಂದ ತುಂಬಿದ ಆ ಪ್ರದೇಶಕ್ಕೆ 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರು ಬಂದಿತು. ಹ್ಯೂಸ್ಟನ್ನಿಗೆ ಕನ್ನಡ ವೃಂದವಿದೆ, ಡಲ್ಲಾಸಿಗೆ ಮಲ್ಲಿಗೆ ಕನ್ನಡ ಸಂಘವಿದೆ, ಆಸ್ಟಿನ್ನಿಗೂ ತನ್ನದೇ ಕನ್ನಡ ಸಂಘವಿದೆ. 2018ರ ಅಕ್ಕ ವಿಶ್ವ ಕನ್ನಡ ಸಮ್ಮೇಳನವು ನಡೆದದ್ದು ಡಲ್ಲಾಸಿನಲ್ಲಿ. ಯುಗಾದಿಯ ವೇದಿಕೆಯಲ್ಲಿ ಹಾಡಿ ಅಭ್ಯಾಸವಾದ ಹ್ಯೂಸ್ಟನ್ನಿನ ತರುಣರು ನಾಲ್ವರು ಕೂಡಿ ಗಿಟಾರು, ಡ್ರಮ್ಮು, ಕೊಳಲುಗಳೊಡನೆ ಬ್ಯಾಂಡೊಂದನ್ನು ಕಟ್ಟಿ, ತಮ್ಮ ಕನ್ನಡ ಹಾಡನ್ನು ಹಿಲ್‌ಕ್ರಾಫ್ಟಿನ ಅಂಗಡಿಸಾಲಿನ ಮುಂದೆ ಚಿತ್ರೀಕರಿಸಲು ಹೊರಟರೆಂದು ಇಟ್ಟುಕೊಳ್ಳೋಣ.

ಅವರು ಅಲ್ಲಿ ನಿಜವಾಗಿ ಹಾಡುವುದಿಲ್ಲ. ಹಾಡಿದರೂ ಆ ಧ್ವನಿಯನ್ನು ಯಾರೂ ಬಳಸುವುದಿಲ್ಲ. ವಾಹನಗಳ ಗದ್ದಲ, ಗಾಳಿಯ ಮೊರೆತ ಇವುಗಳ ನಡುವೆ ಒಳ್ಳೆಯ ಧ್ವನಿಮುದ್ರಣ ಅಸಾಧ್ಯವಾದುದರಿಂದ ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿಟ್ಟುಕೊಂಡಿರುತ್ತಾರೆ, ಇದೇ ಟ್ರ್ಯಾಕು. ಬೀದಿಯಲ್ಲಿ ಅದನ್ನು ಸ್ಪೀಕರಿನಿಂದ ಕೇಳಿಸುತ್ತ, ಕೇಳಿದ್ದಕ್ಕೆ ಸರಿಯಾಗಿ ತುಟಿಯಾಡಿಸುತ್ತ, ತಂತಿ ಮೀಟುತ್ತ ಅಭಿನಯಿಸುತ್ತಾರೆ. ಒಮ್ಮೆ ದೂರದಿಂದ, ಒಮ್ಮೆ ಹತ್ತಿರದಿಂದ, ಒಮ್ಮೆ ಡ್ರಮ್ಮಿನವನನ್ನೇ ನೋಡುತ್ತ, ಹೀಗೆ ಇಡೀ ಹಾಡನ್ನು ಹಲವು ಟೇಕುಗಳಲ್ಲಿ ಹಿಡಿಯುತ್ತಾರೆ. ಕ್ಯಾಮೆರಾದ ಪುಟ್ಟ ಮೈಕು ಸ್ಪೀಕರಿನಿಂದ ಬಂದ ಹಾಡನ್ನು ಗದ್ದಲದೊಡನೆ ಒರಟೊರಟಾಗಿ ಮುದ್ರಿಸಿಕೊಳ್ಳುತ್ತದೆ. ಪ್ರೇಕ್ಷಕನಿಗೆ ಎಂದೂ ಕೇಳಿಸದ, ಗುರುತಿಗಾಗಿ ಮಾತ್ರ ಉಳಿಸಿಕೊಂಡ ಈ ಒರಟು ಧ್ವನಿಯನ್ನು ಗುರುತುಧ್ವನಿ ಎನ್ನೋಣ.

ಸಂಕಲನಕಾರನ ಕೆಲಸ ಆರಂಭವಾಗುವುದು ಇಲ್ಲಿಂದ. ಕಂಪ್ಯೂಟರಿನ ಪರದೆಯ ಮೇಲೆ ಟ್ರ್ಯಾಕನ್ನು ಹಾಸಿ, ಅದರ ಮೇಲೆ ಒಂದೊಂದು ಟೇಕನ್ನೂ ಅದರದರ ಸ್ಥಾನದಲ್ಲಿ ಕೂರಿಸಬೇಕು. ಚಿತ್ರೀಕರಣದಲ್ಲಿ ಕ್ಲಾಪ್ ಹೊಡೆದಿದ್ದರೆ ಹಲಗೆ ಮುಚ್ಚಿದ ಚಿತ್ರಕ್ಕೂ ‘ಟಪ್’ ಎಂಬ ಸದ್ದಿಗೂ ಗಂಟು ಹಾಕಬಹುದು. ಈಗಿನ ತಂತ್ರಾಂಶಗಳು ಆ ಶ್ರಮವನ್ನೂ ತಪ್ಪಿಸಿವೆ: ಗುರುತುಧ್ವನಿಯ ಏರಿಳಿತದ ರೇಖೆಯನ್ನು ಟ್ರ್ಯಾಕಿನ ಏರಿಳಿತದ ರೇಖೆಯ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ, ಪ್ರತಿಯೊಂದು ನೆಲೆಯಲ್ಲಿಯೂ ಶಿಖರಕ್ಕೆ ಶಿಖರ, ಕಣಿವೆಗೆ ಕಣಿವೆ ಎಷ್ಟರಮಟ್ಟಿಗೆ ಒದಗಿತೆಂದು ಗುಣಿಸಿ ಕೂಡಿಸಿ, ಮೊತ್ತ ಅತ್ಯಧಿಕವಾದ ನೆಲೆಯನ್ನು ನಿಜವೆಂದು ಸ್ವೀಕರಿಸುತ್ತವೆ. ಗದ್ದಲಕ್ಕೆ ಟ್ರ್ಯಾಕಿನೊಡನೆ ಸಂಬಂಧವಿಲ್ಲದುದರಿಂದ ಅದರ ಕೊಡುಗೆ ಒಮ್ಮೆ ಕೂಡಿ ಒಮ್ಮೆ ಕಳೆದು ಶೂನ್ಯದ ಹತ್ತಿರ ನಿಲ್ಲುತ್ತದೆ. ಸಂಬಂಧವಿರುವ ಹಾಡು ಮಾತ್ರ ಮೊತ್ತವನ್ನು ಬೆಳೆಸುತ್ತದೆ. ಒಂದೇ ಲಯಖಂಡವನ್ನು ನಕಲುಮಾಡಿ ಜೋಡಿಸಿದ ಹಾಡಾದರೆ ಹಲವು ನೆಲೆಗಳಲ್ಲಿ ಬಹುತೇಕ ಅದೇ ಮೊತ್ತ ಬಂದು, ಯಂತ್ರವು ಒಂದು ಆವರ್ತದಷ್ಟು ಆಚೆಗೆ ಟೇಕನ್ನು ಕೂರಿಸಿಬಿಡುವುದೂ ಉಂಟು. ಅದು ಒಡನೆಯೇ ಕಣ್ಣಿಗೆ ಬೀಳುವ ತಪ್ಪು, ಚಿಂತೆಯಿಲ್ಲ.

ಚಿಂತೆ ಇರುವುದು ಬೇರೆ ಕಡೆ.

ಅಕ್ಕಪಕ್ಕದ ಕೋಣೆಗಳ ಇಬ್ಬರು

ಒಂದೇ ಕೃತಿಗೆ ತಾಳ ಹಾಕಲು ಇಬ್ಬರು ವಿದ್ಯಾರ್ಥಿಗಳನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಕೂರಿಸಿ ಬಾಗಿಲು ಮುಚ್ಚಿದೆವೆನ್ನಿ. ಒಬ್ಬನಿಗೆ ಮತ್ತೊಬ್ಬನ ಕೈ ಕಾಣದು, ಸದ್ದು ಕೇಳದು. ಇವರು ಎರಡು ಬಗೆಯಲ್ಲಿ ತಪ್ಪಬಹುದು. ಒಬ್ಬನು ತಡವಾಗಿ ಎತ್ತಿಕೊಂಡು, ಬಳಿಕ ಅದೇ ಕಾಲಪ್ರಮಾಣದಲ್ಲಿ ಸಾಗಿದರೆ ಇಬ್ಬರ ನಡುವಣ ಅಂತರ ಮೊದಲ ಆವರ್ತದಲ್ಲಿ ಎಷ್ಟೋ ಕೊನೆಯ ಆವರ್ತದಲ್ಲಿಯೂ ಅಷ್ಟೆ. ಇದು ಆರಂಭದೋಷ. ಇಬ್ಬರೂ ಒಟ್ಟಿಗೇ ಎತ್ತಿಕೊಂಡು, ಒಬ್ಬನ ಕಾಲಪ್ರಮಾಣ ಅತ್ಯಲ್ಪವಾಗಿ ನಿಧಾನವಾಗಿದ್ದರೆ ಪಲ್ಲವಿಯಲ್ಲಿ ಅಂತರವೇ ತಿಳಿಯದು. ಚರಣದಲ್ಲಿ ಸಣ್ಣ ಅಂತರ. ಮುಕ್ತಾಯದಲ್ಲಿ ಒಬ್ಬನ ಕೈ ಮೇಲಿದ್ದಾಗ ಇನ್ನೊಬ್ಬನದು ತೊಡೆಯ ಮೇಲೆ. ಇದು ಗತಿದೋಷ.

ಈ ಕಥೆಯೇ ನಮ್ಮ ಬ್ಯಾಂಡಿನ ಕಥೆ. ಟ್ರ್ಯಾಕು ಒಂದು ಎಣಿಕೆಯಂತೆ ಬರೆಯಲ್ಪಟ್ಟಿದೆ, ಚಿತ್ರವು ಮತ್ತೊಂದು ಎಣಿಕೆಯಂತೆ. ಎರಡೂ ಯಂತ್ರಗಳು ಬಾಗಿಲು ಮುಚ್ಚಿದ ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿವೆ. ಗಡಿಯಾರ ಕೆಟ್ಟಿದೆಯೆಂದಲ್ಲ, ಗಡಿಯಾರಗಳು ಎರಡಿವೆ ಎಂಬುದೇ ತೊಡಕು. ತಂತ್ರಾಂಶವು ರೇಖೆಗಳನ್ನು ಸರಿಸಿ ಕೂರಿಸುವುದರಿಂದ ಗುಣವಾಗುವುದು ಆರಂಭದೋಷ ಮಾತ್ರ. ಗತಿದೋಷಕ್ಕೆ ಅದು ಮದ್ದಲ್ಲ. ಪಲ್ಲವಿಗೆ ಕೂರಿಸಿದರೆ ಚರಣ ಏಳುತ್ತದೆ, ಚರಣಕ್ಕೆ ಕೂರಿಸಿದರೆ ಪಲ್ಲವಿ ಏಳುತ್ತದೆ. ಟೇಕನ್ನು ಹಿಂದೆ ಮುಂದೆ ಎಳೆದಾಡುತ್ತ ರಾತ್ರಿ ಕಳೆಯುವ ಹೊಸಬರು ಎರಡನೆಯ ರೋಗಕ್ಕೆ ಮೊದಲನೆಯ ರೋಗದ ಔಷಧವನ್ನು ಕೊಡುತ್ತಿರುತ್ತಾರೆ.

ಮೂವತ್ತಲ್ಲದ ಮೂವತ್ತು

ಎಣಿಕೆಗಳು ಬೇರೆಯಾದುದು ಹೇಗೆ? ವಿಡಿಯೋ ಎಂಬುದು ಒಂದು ಸೆಕೆಂಡಿಗೆ ಇಷ್ಟು ಎಂಬ ಗೊತ್ತಾದ ಸಂಖ್ಯೆಯ ಸ್ಥಿರಚಿತ್ರಗಳ, ಅಂದರೆ ಫ್ರೇಮುಗಳ, ಸರಣಿ. ಅಮೆರಿಕದಲ್ಲಿ ಕಪ್ಪು-ಬಿಳುಪು ಟೆಲಿವಿಷನ್ನಿನ ಕಾಲಕ್ಕೆ ಆ ಸಂಖ್ಯೆ 30 ಇತ್ತು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಸಲ ದಿಕ್ಕು ಬದಲಿಸಿ ಮರಳುವುದರ ಅರ್ಧ ಅದು. ನಮ್ಮಲ್ಲಿ ವಿದ್ಯುತ್ತು 50ರದಾದುದರಿಂದ ದೂರದರ್ಶನಕ್ಕೆ 25 ಬಂದಿತು. 1953ರಲ್ಲಿ ಅಮೆರಿಕವು ಬಣ್ಣದ ಪ್ರಸಾರಕ್ಕೆ ಮಾನಕವನ್ನು ನಿಗದಿಮಾಡಿದಾಗ ಇಂಜಿನಿಯರುಗಳಿಗೆ ಸಂಕಟವೊಂದು ಎದುರಾಯಿತು: ಬಣ್ಣವನ್ನು ಹೊತ್ತ ಅಲೆಯೂ ಧ್ವನಿಯನ್ನು ಹೊತ್ತ ಅಲೆಯೂ ಪರಸ್ಪರ ತಾಗಿ ಪರದೆಯ ಮೇಲೆ ಚುಕ್ಕೆಗಳ ಜಾಲವನ್ನೆಬ್ಬಿಸುವ ಸಂಭವವಿತ್ತು. ಜನರ ಮನೆಗಳಲ್ಲಿದ್ದ ಹಳೆಯ ಪೆಟ್ಟಿಗೆಗಳು ಕೆಲಸಕ್ಕೆ ಬಾರದಂತಾಗಬಾರದು, ಚುಕ್ಕೆಗಳೂ ಕಾಣಬಾರದು. ಈ ಎರಡನ್ನೂ ಸಾಧಿಸಲು ಅವರು ಫ್ರೇಮುಗಳ ಗತಿಯನ್ನು ಸಾವಿರದಲ್ಲಿ ಒಂದು ಪಾಲು ತಗ್ಗಿಸಿದರು. 30 ಇದ್ದುದು ಹೆಚ್ಚುಕಡಿಮೆ 29.97 ಆಯಿತು. ಚಲನಚಿತ್ರದ 24 ಕೂಡ ಟೆಲಿವಿಷನ್ನಿಗೆ ಬಂದಾಗ 23.976 ಎಂಬ ವಿಚಿತ್ರ ರೂಪ ತಳೆಯಿತು. ಆ ಹಳೆಯ ಪೆಟ್ಟಿಗೆಗಳೆಲ್ಲ ಗುಜರಿಗೆ ಹೋದುವು. ಅವುಗಳಿಗಾಗಿ ಮಾಡಿಕೊಂಡ ಒಪ್ಪಂದ ಮಾತ್ರ ಇಂದಿನ ಕ್ಯಾಮೆರಾಗಳೊಳಗೆ ಉಳಿದಿದೆ. ಎಷ್ಟೋ ಸಲ ಕ್ಯಾಮೆರಾದ ಪರದೆಯ ಮೇಲೆ ‘30’ ಎಂದು ಬರೆದಿರುತ್ತದೆ, ಒಳಗೆ ನಡೆಯುವುದು 29.97!

ಧ್ವನಿಗೂ ಇಂಥದೇ ಎಣಿಕೆಯುಂಟು. ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುತ್ತಾರೆ, ಸಿ.ಡಿ.ಗಳಲ್ಲಿ ಅದು 44,100, ವಿಡಿಯೋದಲ್ಲಿ 48,000. ಒಂದನ್ನು ಇನ್ನೊಂದೆಂದು ಭ್ರಮಿಸಿ ನುಡಿಸಿದರೆ ಹಾಡು ನೂರಕ್ಕೆ ಸುಮಾರು ಒಂಬತ್ತರಷ್ಟು ಓಡುತ್ತದೆ ಇಲ್ಲವೆ ಕುಂಟುತ್ತದೆ, ಶ್ರುತಿಯೂ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನದಷ್ಟು ಪಲ್ಲಟವಾಗುತ್ತದೆ. ಹಾಡಿದವಳೇ ಕೇಳಿ ಬೆಚ್ಚಿಬೀಳುವಷ್ಟು ದೊಡ್ಡ ತಪ್ಪಾದ್ದರಿಂದ ಅದು ಯಾರ ಕೈಯಿಂದಲೂ ಹೊರಗೆ ಹೋಗುವುದಿಲ್ಲ. ಸಾವಿರಕ್ಕೊಂದರ ತಪ್ಪು ಹಾಗಲ್ಲ. ಅದರಿಂದ ಶ್ರುತಿಯಲ್ಲಾಗುವ ವ್ಯತ್ಯಾಸ ಒಂದು ಸ್ವರಸ್ಥಾನದ ನೂರರಲ್ಲಿ ಎರಡು ಪಾಲೂ ಇಲ್ಲ. ವಿದ್ವಾಂಸನ ಕಿವಿಗೂ ಅದು ಸಿಕ್ಕದು. ಅದೇ ತಪ್ಪು ನಾಲ್ಕು ನಿಮಿಷದ ಹಾಡಿನ ಕೊನೆಯಲ್ಲಿ 240 ಮಿಲಿಸೆಕೆಂಡುಗಳಾಗಿ, ಅಂದರೆ ಏಳು ಫ್ರೇಮುಗಳ ಅಂತರವಾಗಿ ಸಂಚಯಗೊಂಡು ಯಾವ ಅಜ್ಜಿಯ ಕಣ್ಣಿಗೂ ಕಾಣಿಸುತ್ತದೆ. ಕಿವಿ ಹಿಡಿಯಲಾರದ್ದನ್ನು ಕಣ್ಣೂ ಕಿವಿಯೂ ಕೂಡಿ ಹಿಡಿಯುತ್ತವೆ.

ಫೋನುಗಳು ಈ ರೋಗಕ್ಕೆ ಮತ್ತೊಂದು ರೂಪ ಕೊಟ್ಟಿವೆ. ಬೆಳಕು ಮಂದವಾದಾಗ ಫೋನು ಪ್ರತಿ ಫ್ರೇಮಿಗೂ ಹೆಚ್ಚು ಕಾಲ ಕಣ್ಣು ತೆರೆದಿಟ್ಟುಕೊಂಡು, ಸೆಕೆಂಡಿಗೆ ಹಿಡಿಯುವ ಫ್ರೇಮುಗಳ ಸಂಖ್ಯೆಯನ್ನು ತನ್ನಷ್ಟಕ್ಕೆ ತಗ್ಗಿಸಿಕೊಳ್ಳಬಹುದು. ಪ್ರತಿ ಫ್ರೇಮಿನೊಡನೆ ಅದು ಹುಟ್ಟಿದ ವೇಳೆಯನ್ನೂ ಬರೆದಿಡುತ್ತದೆ. ಆ ಬರಹವನ್ನು ಗಮನಿಸದೆ ಎಲ್ಲ ಫ್ರೇಮುಗಳೂ ಸಮಾನಾಂತರದವೆಂದು ನಂಬುವ ತಂತ್ರಾಂಶದ ಕೈಗೆ ಇದು ಸಿಕ್ಕಿದರೆ, ಮುಸ್ಸಂಜೆಯ ದೃಶ್ಯ ಓಡುತ್ತದೆ, ಬಿಸಿಲಿನ ದೃಶ್ಯ ನಡೆಯುತ್ತದೆ. ಸಂಕಲನಕ್ಕೆ ಮೊದಲೇ ಇಂಥ ಕಡತಗಳನ್ನು ಸ್ಥಿರಗತಿಗೆ ಮಾರ್ಪಡಿಸಿಕೊಳ್ಳುವುದು ವಿವೇಕ. ಹ್ಯಾಂಡ್‌ಬ್ರೇಕಿನಂಥ ಉಚಿತ ತಂತ್ರಾಂಶಗಳಿಂದ ಅದು ಸಾಧ್ಯ.

ಇನ್ನು, ಎರಡು ಯಂತ್ರಗಳೂ ತಮ್ಮ ಮಾತಿನಂತೆ ಒಂದೇ ಸಂಖ್ಯೆಯನ್ನು ಎಣಿಸುತ್ತಿದ್ದರೂ ಅವುಗಳ ಸೆಕೆಂಡುಗಳೇ ಒಂದಲ್ಲ. ಪ್ರತಿಯೊಂದರೊಳಗೂ ಕಂಪಿಸುವ ಸ್ಫಟಿಕಶಿಲೆಯ ಚೂರೊಂದು ಕಾಲವನ್ನು ಅಳೆಯುತ್ತಿರುತ್ತದೆ. ಅಗ್ಗದ ಸ್ಫಟಿಕಗಳು ಹತ್ತು ಲಕ್ಷಕ್ಕೆ ಹತ್ತಾರು ಪಾಲು ತಪ್ಪುವುದು ಸಾಮಾನ್ಯ. ಐವತ್ತು ಪಾಲೆಂದರೂ ನಾಲ್ಕು ನಿಮಿಷಕ್ಕೆ 12 ಮಿಲಿಸೆಕೆಂಡು, ಉಪೇಕ್ಷಣೀಯ. ಮೂರು ಗಂಟೆಯ ರಾಜ್ಯೋತ್ಸವ ಸಮಾರಂಭವನ್ನು ನಿಲ್ಲಿಸದೆ ಮುದ್ರಿಸಿದವರಿಗಾದರೋ ಅದು ಅರ್ಧ ಸೆಕೆಂಡನ್ನು ಮೀರುತ್ತದೆ.

ಒಂದೇ ಕೈ

ಎರಡು ಗಡಿಯಾರಗಳ ಈ ತೊಡಕಿಗೆ ಪ್ರತಿಯಾದ ನಿದರ್ಶನ ಟೆಕ್ಸಾಸಿನಲ್ಲೇ ಇದೆ. ಆಸ್ಟಿನ್ನಿನ ವಿಶ್ವವಿದ್ಯಾಲಯದ ಆವರಣದೊಳಗಣ ಸ್ಟುಡಿಯೋ 6ಎ ಎಂಬಲ್ಲಿ 1974ರಲ್ಲಿ ವಿಲ್ಲಿ ನೆಲ್ಸನ್ನರ ಗಾಯನದೊಡನೆ ಮೊದಲ್ಗೊಂಡ ‘ಆಸ್ಟಿನ್ ಸಿಟಿ ಲಿಮಿಟ್ಸ್’ ಕಾರ್ಯಕ್ರಮವು, 2011ರಲ್ಲಿ ಹೊಸ ರಂಗಮಂದಿರಕ್ಕೆ ಹೋಗುವವರೆಗೆ ಅಲ್ಲಿಯೇ ನಡೆಯಿತು. ಆ ಕಾರ್ಯಕ್ರಮದಲ್ಲಿ ಹಾಡುವವರು ನಿಜವಾಗಿಯೇ ಹಾಡುತ್ತಾರೆ. ಇಂಥ ಟೆಲಿವಿಷನ್ ಸ್ಟುಡಿಯೋಗಳಲ್ಲಿ ಕ್ಯಾಮೆರಾಗಳು ತಮ್ಮ ತಮ್ಮ ಸ್ಫಟಿಕವನ್ನು ನಂಬದೆ, ಒಂದು ಮೂಲಯಂತ್ರದಿಂದ ತಂತಿಯ ಮೂಲಕ ಬರುವ ಮಿಡಿತಕ್ಕೆ ವಿಧೇಯವಾಗಿ ಏಕಕಾಲದಲ್ಲಿ ಫ್ರೇಮುಗಳನ್ನು ಹಿಡಿಯುತ್ತವೆ. ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಇಬ್ಬರು ವಿದ್ಯಾರ್ಥಿಗಳನ್ನೂ ಗುರುವಿನ ಕೈಯ ಎದುರಿಗೆ ಕೂರಿಸಿದಂತಾಯಿತು. ಗುರುವೇ ತುಸು ನಿಧಾನಿಸಿದರೂ ಎಲ್ಲರೂ ಒಟ್ಟಿಗೆ ನಿಧಾನಿಸುವುದರಿಂದ ಹಾನಿಯಿಲ್ಲ. ಚಲನಚಿತ್ರದವರು ಇದನ್ನೇ ಬೇರೆ ಉಪಾಯದಿಂದ ಸಾಧಿಸಿದರು. ಸ್ಟೀಫನ್ ಕುಡೆಲ್ಸ್ಕಿ 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿರ್ಮಿಸಿದ ನಾಗ್ರಾ ಎಂಬ ಧ್ವನಿಯಂತ್ರದ ಮುಂದಿನ ಮಾದರಿಗಳು, ಹಿಗ್ಗಿ ಕುಗ್ಗುವ ಟೇಪಿನ ಮೇಲೆ ಧ್ವನಿಯ ಜೊತೆಗೆ ಗತಿಸೂಚಕ ಮಿಡಿತವೊಂದನ್ನೂ ಬರೆದು, ನುಡಿಸುವಾಗ ಆ ಮಿಡಿತಕ್ಕೆ ಸರಿಯಾಗಿ ಟೇಪನ್ನು ನಡೆಸಲು ಅನುಕೂಲ ಮಾಡಿಕೊಟ್ಟುವು.

ಆದರೆ ರಾಜ್‌ಕುಮಾರರ ತುಟಿಯ ಮೇಲೆ ಶ್ರೀನಿವಾಸರ ಕಂಠ ನೆಲೆನಿಂತುದಕ್ಕೆ ಇನ್ನೂ ಸರಳವಾದ ಕಾರಣವೊಂದಿದೆಯೆಂದು ನನ್ನ ಅಭಿಪ್ರಾಯ. ಚಲನಚಿತ್ರದ ಹಾಡು ತುಣುಕು ತುಣುಕಾಗಿ ಕತ್ತರಿಸಲ್ಪಟ್ಟುದು. ಕೆಲವು ಸೆಕೆಂಡುಗಳಿಗೊಮ್ಮೆ ಶಾಟು ಬದಲಾಗುತ್ತದೆ, ಪ್ರತಿಯೊಂದು ಶಾಟನ್ನೂ ಸಂಕಲನಕಾರನು ಹೊಸದಾಗಿ ಟ್ರ್ಯಾಕಿಗೆ ಕೂರಿಸಿರುತ್ತಾನೆ. ಸಾವಿರಕ್ಕೊಂದು ತಪ್ಪಿದರೂ ಹತ್ತು ಸೆಕೆಂಡಿನ ಶಾಟಿನಲ್ಲಿ ಅದು 10 ಮಿಲಿಸೆಕೆಂಡಿಗಿಂತ ಬೆಳೆಯಲಾರದು. ಬೆಳೆಯುವ ಮುನ್ನವೇ ಕತ್ತರಿ ಬಿದ್ದಿರುತ್ತದೆ. ಇಡೀ ಹಾಡನ್ನು ಒಂದೇ ಟೇಕಿನಲ್ಲಿ ತೋರಿಸುವ ಹವ್ಯಾಸಿಗೆ ಈ ರಕ್ಷಣೆಯಿಲ್ಲ.

ಕಿವಿಯ ಪಕ್ಷಪಾತ

ಅಂತರ ಎಷ್ಟಾದರೆ ನಮಗೆ ತಿಳಿಯುತ್ತದೆ? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಪ್ರಸಾರಕರಿಗೆ ಕೊಟ್ಟಿರುವ ಪ್ರಮಾಣ ಸೋಜಿಗದ್ದು: ಧ್ವನಿ ಚಿತ್ರಕ್ಕಿಂತ ಮುಂದಾದರೆ 45 ಮಿಲಿಸೆಕೆಂಡಿಗೇ ಪ್ರೇಕ್ಷಕನು ಗುರುತಿಸಬಲ್ಲ, ಹಿಂದಾದರೆ 125 ಮಿಲಿಸೆಕೆಂಡಿನವರೆಗೆ ಗುರುತಿಸಲಾರ. ಕಾರಣ ಪ್ರಕೃತಿಯಲ್ಲೇ ಇರುವಂತೆ ತೋರುತ್ತದೆ. ಬೆಳಕು ಕ್ಷಣಮಾತ್ರದಲ್ಲಿ ಬರುತ್ತದೆ, ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರಿನಂತೆ ಹಿಂದಿನಿಂದ ಬರುತ್ತದೆ. ಕೆರೆಯಾಚೆ ಬಟ್ಟೆ ಒಗೆಯುವವನ ಕೈ ಇಳಿದ ಮೇಲೆ ಸದ್ದು ಕೇಳುವುದನ್ನು ಎಲ್ಲರೂ ಕಂಡವರೇ. ಪೆಟ್ಟಿಗೆ ಮೊದಲು ಸದ್ದು ಕೇಳಿದವರು ಲೋಕದಲ್ಲಿಲ್ಲ.

ಈ ಪಕ್ಷಪಾತದಿಂದ ಒಂದು ಕುತೂಹಲದ ಫಲ ಹುಟ್ಟುತ್ತದೆ. 29.97ರಲ್ಲಿ ಹಿಡಿದುದನ್ನು 30 ಎಂದು ಭಾವಿಸಿ ನಡೆಸಿದರೆ ಚಿತ್ರ ಮುಂದೋಡಿ ಧ್ವನಿ ಹಿಂದಾಗುತ್ತದೆ. 125 ಮಿಲಿಸೆಕೆಂಡು ಕೂಡಲು ಎರಡು ನಿಮಿಷಕ್ಕೂ ಮೇಲೆ ಬೇಕು. ನಮ್ಮ ಹುಡುಗಿ ಎರಡನೆಯ ಚರಣದಲ್ಲಿ ಸಿಕ್ಕಿಬಿದ್ದುದು ಇದರಿಂದ. 30ರಲ್ಲಿ ಹಿಡಿದುದನ್ನು 29.97 ಎಂದು ನಡೆಸಿದರೆ ಧ್ವನಿ ಮುಂದಾಗಿ, ಮುಕ್ಕಾಲು ನಿಮಿಷಕ್ಕೇ ಗುಟ್ಟು ರಟ್ಟಾಗುತ್ತದೆ. ತಪ್ಪಿನ ಪ್ರಮಾಣ ಒಂದೇ. ದಿಕ್ಕು ಬೇರೆಯಾದುದರಿಂದ ಶಿಕ್ಷೆ ಬೇರೆ.

ಸ್ಪೀಕರನ್ನು ಎಲ್ಲಿಡಬೇಕೆಂಬ ಪ್ರಶ್ನೆಯೂ ಇದರಿಂದಲೇ ತೀರ್ಮಾನವಾಗುತ್ತದೆ. ಕ್ಯಾಮೆರಾ ಬ್ಯಾಂಡಿನಿಂದ 23 ಮೀಟರು ದೂರವಿದೆಯೆನ್ನಿ. ಅಷ್ಟು ದಾರಿಗೆ ಧ್ವನಿಗೆ ಸುಮಾರು 67 ಮಿಲಿಸೆಕೆಂಡು, ಎರಡು ಫ್ರೇಮು, ಬೇಕು. ಸ್ಪೀಕರು ಬ್ಯಾಂಡಿನ ಕಾಲಬುಡದಲ್ಲಿದ್ದರೆ ಗುರುತುಧ್ವನಿ ತಡವಾಗಿ ಕ್ಯಾಮೆರಾಕ್ಕೆ ತಲುಪುತ್ತದೆ. ಅದನ್ನು ಟ್ರ್ಯಾಕಿಗೆ ಕೂರಿಸಿದಾಗ ತುಟಿ ಎರಡು ಫ್ರೇಮು ಮುಂಚೆ ಆಡುತ್ತದೆ, ಕಿವಿ ಅದನ್ನು ಕ್ಷಮಿಸುತ್ತದೆ. ಸ್ಪೀಕರು ಕ್ಯಾಮೆರಾದ ಪಕ್ಕದಲ್ಲಿದ್ದರೆ ಗುರುತುಧ್ವನಿ ಮೊದಲು ಮುದ್ರಿತವಾಗಿ, ಬ್ಯಾಂಡಿಗೆ ಹಾಡು ತಡವಾಗಿ ಕೇಳಿ, ತುಟಿ ಎರಡು ಫ್ರೇಮು ಹಿಂದೆ ಬೀಳುತ್ತದೆ. ಅಂದರೆ ಧ್ವನಿ 67 ಮಿಲಿಸೆಕೆಂಡು ಮುಂದು, ಕ್ಷಮೆಯಿಲ್ಲ. ಸ್ಪೀಕರಿನ ಸ್ಥಾನ ಹಾಡುವವರ ಬಳಿ. ಇಲ್ಲವಾದರೆ ಯಂತ್ರ ಕೂರಿಸಿದ ಮೇಲೂ ಸಂಕಲನಕಾರನು ಕೈಯಿಂದ ಎರಡು ಫ್ರೇಮು ಸರಿಸತಕ್ಕದ್ದು.

ಪವರ್ಗದ ಪರೀಕ್ಷೆ

ಸರಿಸಿದ್ದು ಸರಿಯಾಯಿತೆಂದು ತಿಳಿಯುವುದೆಂತು? ಅದಕ್ಕೆ ವರ್ಣಮಾಲೆ ಸಾಕು. ಪ, ಫ, ಬ, ಭ, ಮ ಈ ಐದರಲ್ಲಿ ಎರಡು ತುಟಿಗಳೂ ಮುಚ್ಚಲೇಬೇಕು. ನಮ್ಮ ವ್ಯಾಕರಣವು ಓಷ್ಠ್ಯವೆಂದು ಬೇರೆ ಸಾಲಿನಲ್ಲಿಟ್ಟಿರುವುದು ಅದಕ್ಕಾಗಿಯೇ. ಕ, ಗಗಳು ಗಂಟಲ ಬಳಿ ಹುಟ್ಟುವುದರಿಂದ ಹೊರಗೆ ಕುರುಹು ಕಡಮೆ. ಸಾಹಿತ್ಯದಲ್ಲಿ ‘ಬ’ವೋ ‘ಮ’ವೋ ಬರುವ ಎಡೆಯನ್ನು ಆರಿಸಿ, ತುಟಿ ಬಿಚ್ಚಿದ ಮೊದಲ ಫ್ರೇಮಿನಲ್ಲಿ ವ್ಯಂಜನ ಸಿಡಿಯುತ್ತದೆಯೇ ಎಂದು ನೋಡಿದರೆ ಮುಗಿಯಿತು, ಈ ಪರೀಕ್ಷೆಯನ್ನು ಹಾಡಿನ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮಾಡಬೇಕು. ಎರಡು ಕಡೆಯೂ ಒಂದೇ ಅಂತರವಾದರೆ ಆರಂಭದೋಷ. ಅಂತರ ಬೆಳೆದಿದ್ದರೆ ಗತಿದೋಷ. ಕನ್ನಡವೇ ಬಾರದ ಡಲ್ಲಾಸಿನ ಸಂಕಲನಕಾರನೂ ಇಷ್ಟನ್ನು ನೋಡಬಲ್ಲ. ತುಟಿಯ ಮಾತನ್ನು ಮೆದುಳು ಎಷ್ಟು ನಂಬುತ್ತದೆಂಬುದನ್ನು ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ತೋರಿಸಿಕೊಟ್ಟರು: ‘ಗ’ ಎನ್ನುವ ಮುಖಕ್ಕೆ ‘ಬ’ ಎನ್ನುವ ಧ್ವನಿಯನ್ನು ಜೋಡಿಸಿದರೆ ಬಹುಮಂದಿ ಕೇಳುವುದು ‘ದ’!

ಬೇಕೆಂದೇ ಕೆಡಿಸುವ ಗತಿ

ಗತಿಭೇದವನ್ನು ಬೇಕೆಂದೇ ತಂದುಕೊಳ್ಳುವ ಸಂದರ್ಭವೂ ಉಂಟು. ಹಾಡುಗಳಲ್ಲಿ ನಾಯಕಿಯ ಸೆರಗು, ಕೂದಲು, ಮಳೆಹನಿಗಳೆಲ್ಲ ಸ್ಲೋ ಮೋಷನ್ನಿನಲ್ಲಿ ತೇಲುತ್ತಿರುವಾಗ ಅವಳ ತುಟಿ ಮಾತ್ರ ಹಾಡಿಗೆ ಸರಿಯಾಗಿಯೇ ಆಡುವುದನ್ನು ನೋಡಿರುತ್ತೇವೆ. ಚಿತ್ರೀಕರಿಸುವಾಗ ಟ್ರ್ಯಾಕನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಸೆಕೆಂಡಿಗೆ 24ರ ಬದಲು 48 ಫ್ರೇಮುಗಳನ್ನು ಹಿಡಿದು, ತೋರಿಸುವಾಗ 24ರಂತೆ ತೋರಿಸಿದರೆ ತುಟಿ ತನ್ನ ಸಹಜಗತಿಗೆ ಮರಳುತ್ತದೆ, ಮಿಕ್ಕ ಜಗತ್ತು ಅರ್ಧಗತಿಗೆ ಇಳಿಯುತ್ತದೆ. ಹಾಡುವವಳ ಪಾಡು ಮಾತ್ರ ಕಷ್ಟ. ವಿಲಂಬದಲ್ಲಿ ಹಾಯಾಗಿ ಹೊರಳುವ ಒತ್ತಕ್ಷರಗಳನ್ನು ದ್ವಿಗುಣ ವೇಗದಲ್ಲಿ ನುಡಿಯುವಾಗ ನಾಲಗೆ ತೊಡರುತ್ತದೆ, ಕೆಲವರು ಅರ್ಧ ಪದವನ್ನು ನುಂಗಿಬಿಡುತ್ತಾರೆ. ಹಿಲ್‌ಕ್ರಾಫ್ಟಿನ ನಮ್ಮ ತರುಣರು ಇದನ್ನು ಪ್ರಯತ್ನಿಸಲು ಬಯಸಿದರೆ ತೋರಿಸುವ ಗತಿ 24 ಆಗಿದೆಯೋ 23.976 ಆಗಿದೆಯೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ. 23.976 ಆಗಿದ್ದರೆ ಹಿಡಿಯುವ ಗತಿ 48 ಅಲ್ಲ, 47.952.